ಯಂತ್ರಗಳಿಗಿಂತ ಮೊದಲು ಮಾರ್ಗದರ್ಶಕರು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆಯು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತದೆ. ಆಡಳಿತದ ಅನುಕೂಲಕ್ಕಾಗಿ ಆದ ಈ ಜೋಡಣೆಗೆ ನಿಸರ್ಗದ ಸಮ್ಮತಿಯೂ ಇದ್ದಂತಿದೆ. ಬೋಳುಬಂಡೆಯ ಬೆಟ್ಟಗಳು, ಬುಡದಲ್ಲಿ ಕುರುಚಲು ಕಾಡು, ಬೆಟ್ಟದ ನೀರಿಗಾಗಿ ಬಾಯ್ದೆರೆದು ಕುಳಿತ ಕೆರೆಗಳು, ಮಳೆಯನ್ನೇ ನಂಬಿದ ರಾಗಿ ಮತ್ತು ಕಡಲೆಕಾಯಿ ಹೊಲಗಳು ಈ ನಾಲ್ಕು ತಾಲ್ಲೂಕುಗಳ ಸಮಾನ ಸಂಪತ್ತು. ಮಳೆಯ ಅಭಾವ, ಬತ್ತಿದ ಕೊಳವೆಬಾವಿ ಮತ್ತು ಬೆಂಗಳೂರಿನ ಕಡೆಗೆ ಹೊರಟ ಯುವಕರು ಇವುಗಳ ಸಮಾನ ಸಂಕಟ.

ಇಂಥ ನಾಡಿಗೆ ತಂತ್ರಜ್ಞಾನವು ಬಂದಿಲ್ಲ ಎಂದು ಯಾರೂ ಹೇಳಲಾರರು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದೆ. 2018ರ ಮಾರ್ಚಿಯಲ್ಲಿ ಅದರ ಮೊದಲ ಹಂತವು ಉದ್ಘಾಟನೆಯಾಯಿತು. ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಆರಂಭಿಕ ದರದಲ್ಲಿ ಗುತ್ತಿಗೆಗೆ ಪಡೆದದ್ದು ಈ ಯೋಜನೆಯ ವೈಶಿಷ್ಟ್ಯ. ಭೂಮಿಯಿದ್ದವರಿಗೆ ಗುತ್ತಿಗೆಯ ಹಣ ಬಂದಿತು. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ಊರಿನ ಯುವಕ ಯುವತಿಯರಲ್ಲಿ ಬಹುಮಂದಿಗೆ ದೊರೆತ ಉದ್ಯೋಗವೆಂದರೆ ಫಲಕಗಳ ನಡುವೆ ಬೆಳೆದ ಹುಲ್ಲು ಕೀಳುವುದು, ಫಲಕ ತೊಳೆಯುವುದು ಅಥವಾ ಗೇಟಿನ ಬಳಿ ಕಾವಲು ಕೂರುವುದು. ಬೇಲಿಯ ಒಳಗೆ ದೇಶದ ಅತ್ಯಾಧುನಿಕ ವಿದ್ಯುತ್ ವಿದ್ಯೆ, ಬೇಲಿಯ ಹೊರಗೆ ಅದರ ಅ ಆ ಇ ಈ ತಿಳಿಯದ ಮಕ್ಕಳು. ತಂತ್ರಜ್ಞಾನವು ಒಂದು ಊರಿಗೆ ಬರುವುದಕ್ಕೂ ಆ ಊರಿನವರ ಕೈಗೆ ಬರುವುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಅಂತರವನ್ನು ತುಂಬುವವರು ಯಾರು? ಶಾಲೆಗಳಿಗೆ ಇನ್ನಷ್ಟು ಯಂತ್ರಗಳನ್ನು ಕೊಟ್ಟರೆ ಸಾಕೆಂಬ ಉತ್ತರವು ಹಲವು ಬಾರಿ ಕೇಳಿಬಂದಿದೆ. ಆ ಉತ್ತರವನ್ನು ಕರ್ನಾಟಕವು ಈಗಾಗಲೇ ಪರೀಕ್ಷಿಸಿ ನೋಡಿದೆ.

ಬೀಗ ಬಿದ್ದ ಕೊಠಡಿಗಳ ಪಾಠ

2001ರಲ್ಲಿ ರಾಜ್ಯ ಸರ್ಕಾರವು ಮಾಹಿತಿ ಸಿಂಧು ಎಂಬ ಯೋಜನೆಯನ್ನು ಆರಂಭಿಸಿ ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳನ್ನು ಒದಗಿಸಿತು. ಯಂತ್ರಗಳ ನಿರ್ವಹಣೆ ಮತ್ತು ಬೋಧನೆ ಎರಡನ್ನೂ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಗಳಿಗೆ ವಹಿಸಲಾಯಿತು. ಗುತ್ತಿಗೆಯ ಅವಧಿ ಇರುವವರೆಗೆ ಬೋಧಕರು ಬಂದರು. ಅವಧಿ ಮುಗಿದ ಮೇಲೆ ಬೋಧಕರೂ ಹೋದರು, ಅವರ ವಿದ್ಯೆಯೂ ಹೋಯಿತು. ಶಾಲೆಯ ಶಿಕ್ಷಕರು ಆ ಕೊಠಡಿಯನ್ನು ತಮ್ಮದೆಂದು ಭಾವಿಸುವ ಸಂದರ್ಭವೇ ಒದಗಿಬಂದಿರಲಿಲ್ಲ. ನೆರೆಯ ಕೇರಳವು ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಲ್ಲಿಯೇ ಕೆಲವರನ್ನು ಉಳಿದವರ ತರಬೇತುದಾರರನ್ನಾಗಿ ರೂಪಿಸಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಈ ಎರಡು ಮಾದರಿಗಳನ್ನು ಹೋಲಿಸಿ ಅಧ್ಯಯನ ನಡೆಸಿ, ಶಿಕ್ಷಕರನ್ನು ಒಳಗೊಂಡ ದಾರಿಯೇ ಬೇರು ಬಿಟ್ಟಿತೆಂದು ತೋರಿಸಿತು. ಕೇರಳವು 2018ರಲ್ಲಿ ಆರಂಭಿಸಿದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳು ಆ ಬೇರಿನಿಂದಲೇ ಹೊಮ್ಮಿದ ಚಿಗುರು.

ಯಂತ್ರವನ್ನು ಹಣದಿಂದ ಕೊಳ್ಳಬಹುದು. ಮಗುವಿನ ಪಕ್ಕದಲ್ಲಿ ಕುಳಿತು, ತಪ್ಪಿದಾಗ ಬೈಯದೆ, ಮತ್ತೆ ಮಾಡಿನೋಡು ಎನ್ನುವ ವ್ಯಕ್ತಿಯನ್ನು ಟೆಂಡರಿನ ಮೂಲಕ ಕೊಳ್ಳಲಾಗದು. ಇದನ್ನು ಕೇಂದ್ರ ಸರ್ಕಾರವೂ ಒಂದು ಮಟ್ಟಿಗೆ ಮನಗಂಡಿದೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಿಂದೀಚೆಗೆ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯುತ್ತಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಒದಗುತ್ತದೆ. ಯಂತ್ರವೊಂದೇ ಸಾಲದೆಂದು ಅರಿತು 2017ರಲ್ಲಿ ಸ್ವಯಂಸೇವಾ ಮಾರ್ಗದರ್ಶಕರನ್ನು ಸೇರಿಸಿಕೊಳ್ಳುವ ಅಭಿಯಾನವನ್ನೂ ಅದು ಕೈಗೊಂಡಿತು. ವಾರಕ್ಕೆ ಒಂದೆರಡು ಗಂಟೆಗಳನ್ನು ಮಕ್ಕಳಿಗಾಗಿ ಮೀಸಲಿಡುವಂತೆ ವೃತ್ತಿಪರರನ್ನು ಕೋರಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಇಂಥ ಪ್ರಯೋಗಾಲಯಗಳನ್ನು ತೆರೆಯುವುದಾಗಿ ಘೋಷಿಸಲಾಗಿದೆ. ಅವುಗಳಲ್ಲಿ ಕೆಲವಾದರೂ ಈ ನಾಲ್ಕು ತಾಲ್ಲೂಕುಗಳಿಗೆ ಬರಬಹುದು. ಅವು ಬರುವ ಮುನ್ನವೇ ಕೇಳಬೇಕಾದ ಪ್ರಶ್ನೆಯೊಂದಿದೆ. ಮಾರ್ಗದರ್ಶಕರು ಎಲ್ಲಿಂದ ಬರಬೇಕು?

ಹೊರಗಿನ ಪಂಡಿತರೋ, ಊರಿನ ಕಸುಬುದಾರರೋ?

ಬೆಂಗಳೂರಿನ ಕಂಪೆನಿಗಳಲ್ಲಿ ದುಡಿಯುವ ಸದ್ಭಾವದ ಎಂಜಿನಿಯರುಗಳಿಗೆ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಬಂದು, ಒಂದು ದಿನ ಪಾಠ ಹೇಳಿ, ಫೋಟೋ ತೆಗೆಸಿಕೊಂಡು ಹೋಗುವವರಲ್ಲಿಯೂ ಕೆಡುಕಿನ ಉದ್ದೇಶವಿರುವುದಿಲ್ಲ. ಆದರೆ ಮರುವಾರ ತಂತಿಯೊಂದು ಸಡಿಲಗೊಂಡಾಗ, ಪರದೆಯ ಮೇಲೆ ತಿಳಿಯದ ಸೂಚನೆಯೊಂದು ಮೂಡಿದಾಗ, ಆ ಮಗು ಯಾರನ್ನು ಕೇಳಬೇಕು? ವರ್ಷಕ್ಕೊಮ್ಮೆ ಬರುವ ಮಹಾಪಂಡಿತನಿಗಿಂತ ವಾರವಾರವೂ ತಪ್ಪದೆ ಬರುವ ಸಾಮಾನ್ಯ ಬಲ್ಲಿದನೇ ಮಗುವಿಗೆ ಹೆಚ್ಚು ಉಪಕಾರಿ. ಹೊರಗಿನ ತಜ್ಞರು ಬೇಡವೆಂದಲ್ಲ. ಅವರ ವಿದ್ಯೆ ಊರಿನ ಮಾರ್ಗದರ್ಶಕರಿಗೆ ಸಲ್ಲಲಿ. ಮಕ್ಕಳ ಪಕ್ಕದಲ್ಲಿ ಕೂರುವವರು ಊರಿನವರಾಗಿರಲಿ.

ಊರಿನಲ್ಲಿ ಅಂಥವರು ಎಲ್ಲಿದ್ದಾರೆ ಎಂದು ಕೇಳುವವರು ಶಿರಾ ಅಥವಾ ಮಧುಗಿರಿಯ ಪೇಟೆಬೀದಿಯಲ್ಲಿ ಒಮ್ಮೆ ನಡೆದು ನೋಡಬೇಕು. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವವನು ವಿದ್ಯುತ್ಕಾಂತದ ಪಾಠವನ್ನು ದಿನವೂ ಕೈಯಿಂದ ಬರೆಯುತ್ತಿದ್ದಾನೆ. ಮೊಬೈಲ್ ರಿಪೇರಿ ಅಂಗಡಿಯ ಹುಡುಗನಿಗೆ ಬೆಸುಗೆ ಹಾಕುವ ನೈಪುಣ್ಯವಿದೆ. ಸ್ವಸಹಾಯ ಸಂಘದ ಲೆಕ್ಕವನ್ನು ಬರೆದಿಡುವ ಮಹಿಳೆಗೆ ಅಂಕಿಗಳನ್ನು ಕಲೆಹಾಕಿ ತಾಳೆ ನೋಡುವ ಶಿಸ್ತು ತಿಳಿದಿದೆ. ನಿವೃತ್ತ ವಿಜ್ಞಾನ ಶಿಕ್ಷಕರು, ನಿವೃತ್ತ ಲೈನ್‌ಮನ್‌ಗಳು, ಐಟಿಐ ಮತ್ತು ಪಾಲಿಟೆಕ್ನಿಕ್ ಓದುತ್ತಿರುವವರು, ಡಿಪ್ಲೊಮಾ ಮುಗಿಸಿ ಊರಿಗೆ ಮರಳಿದವರು ಎಲ್ಲ ಹೋಬಳಿಗಳಲ್ಲಿಯೂ ಇದ್ದಾರೆ. ಇವರನ್ನು ಯಾರೂ ಗುರುಗಳೆಂದು ಕರೆದಿಲ್ಲ, ಅಷ್ಟೆ.

ಪದವಿ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯೂ ಇನ್ನೊಂದು ದೊಡ್ಡ ಆಕರ. 1969ರಲ್ಲಿ ಆರಂಭವಾದ ಈ ಯೋಜನೆಯ ಪ್ರತಿ ಸ್ವಯಂಸೇವಕರೂ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸಮಾಜಸೇವೆ ಸಲ್ಲಿಸಬೇಕು. ವಾರಕ್ಕೆ ಎರಡು ಗಂಟೆಗಳಂತೆ 40 ವಾರ ಮಕ್ಕಳೊಡನೆ ಕಳೆದರೆ 80 ಗಂಟೆಯಾಯಿತು. ಉಳಿದ 40 ಗಂಟೆಗಳು ತರಬೇತಿಗೂ ಮಾಸಿಕ ಸಭೆಗಳಿಗೂ ಸಾಕು. ಎರಡು ವರ್ಷಗಳ ಕಾಲ ಒಂದೇ ಗುಂಪಿನ ಮಕ್ಕಳಿಗೆ ಒಬ್ಬರೇ ಮಾರ್ಗದರ್ಶಕರು ದೊರೆತರೆ ಆ ನಂಟಿನ ಫಲವೇ ಬೇರೆ. ರಸ್ತೆಬದಿಯಲ್ಲಿ ಪೊರಕೆ ಹಿಡಿದು ನಿಲ್ಲುವ ವಾರ್ಷಿಕ ಶಿಬಿರಕ್ಕಿಂತ ಇದು ವಿದ್ಯಾರ್ಥಿಗಳಿಗೂ ಹೆಚ್ಚು ಅರ್ಥಪೂರ್ಣವಾಗಿ ಕಾಣಬಹುದು.

ಕಲಿಸುವವರು ವಯಸ್ಸಿನಲ್ಲಿ ಹಿರಿಯರೇ ಆಗಿರಬೇಕೆಂಬ ನಿಯಮವೂ ಇಲ್ಲ. ಐರ್ಲೆಂಡಿನ ಕಾರ್ಕ್ ನಗರದಲ್ಲಿ 2011ರಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿದ ಕೋಡರ್‌ಡೋಜೊ ಎಂಬ ಉಚಿತ ಕಲಿಕಾಕೂಟಕ್ಕೆ ಮೂಲವಾದದ್ದು ಶಾಲಾ ವಿದ್ಯಾರ್ಥಿಯೊಬ್ಬ ತನ್ನ ಶಾಲೆಯಲ್ಲಿಯೇ ನಡೆಸುತ್ತಿದ್ದ ಕಂಪ್ಯೂಟರ್ ಕೂಟ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಸ್ಥಾಪನೆಯಾದ ಬೇರ್‌ಫುಟ್ ಕಾಲೇಜು ಅಕ್ಷರ ಬಾರದ ಹಳ್ಳಿಯ ಮಹಿಳೆಯರಿಗೆ ಬಣ್ಣದ ಗುರುತು ಮತ್ತು ಕೈಸನ್ನೆಗಳ ಮೂಲಕ ಸೌರದೀಪ ಜೋಡಿಸುವ ವಿದ್ಯೆಯನ್ನು ಕಲಿಸಿತು. ತಿಲೋನಿಯಾದ ಮಹಿಳೆಗೆ ಸಾಧ್ಯವಾದದ್ದು ಪಾವಗಡದ ಹುಡುಗಿಗೆ ಅಸಾಧ್ಯವೇನಲ್ಲ. ಹತ್ತಿರದಲ್ಲಿಯೇ, ದೇವರಾಯನದುರ್ಗದ ಬೆಟ್ಟದ ಬಳಿಯ ದುರ್ಗದಹಳ್ಳಿಯಲ್ಲಿ, ಜನಸ್ತು ಎಂಬ ಸಂಸ್ಥೆಯು ಊರಿನವರೇ ಬಳಸಬಲ್ಲ ಸ್ಥಳೀಯ ವೈಫೈ ಜಾಲವನ್ನು ಕಟ್ಟುವ ಮತ್ತು ಓದುಬರಹ ಬಾರದವರೂ ತಮ್ಮ ಮಾತುಗಳನ್ನು ಧ್ವನಿಮುದ್ರಿಸಿ ಹಂಚಿಕೊಳ್ಳುವ ಪ್ರಯೋಗಗಳನ್ನು ಕೈಗೊಂಡಿದೆ. ಬೆಟ್ಟದ ಮಡಿಲಿನಲ್ಲಿ ಇಂಥ ಕೆಲಸ ನಡೆಯಲಾರದು ಎನ್ನುವವರಿಗೆ ಇಷ್ಟು ಸಾಕು.

ಆಯ್ಕೆಯಲ್ಲಿ ಎಚ್ಚರ

ಬಂದವರನ್ನೆಲ್ಲ ಸೇರಿಸಿಕೊಳ್ಳುವುದು ಉದಾರತೆಯಲ್ಲ, ಬೇಜವಾಬ್ದಾರಿ. ದೆಹಲಿ ಸರ್ಕಾರವು 2021ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ದೂರವಾಣಿಯ ಮೂಲಕ ಮಾರ್ಗದರ್ಶನ ನೀಡುವ ಬೃಹತ್ ಸ್ವಯಂಸೇವಾ ಕಾರ್ಯಕ್ರಮವೊಂದನ್ನು ಆರಂಭಿಸಿತು. ಉದ್ದೇಶವು ಒಳ್ಳೆಯದೇ ಆಗಿತ್ತು. ಆದರೆ ಅಪರಿಚಿತ ವಯಸ್ಕರ ಕೈಗೆ ಮಕ್ಕಳ ಸಂಪರ್ಕವನ್ನು ಕೊಡುವಾಗ ಇರಬೇಕಾದ ರಕ್ಷಣೆ ಸಾಲದೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಆಕ್ಷೇಪಿಸಿ, ಲೋಪಗಳನ್ನು ಸರಿಪಡಿಸುವವರೆಗೆ ಅದನ್ನು ನಿಲ್ಲಿಸುವಂತೆ 2022ರ ಜನವರಿಯಲ್ಲಿ ಶಿಫಾರಸು ಮಾಡಿತು. ಸಂಖ್ಯೆಯ ಬೆನ್ನುಹತ್ತಿದವರಿಗೆ ಇದೊಂದು ಪಾಠ.

ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು ಎಂಬ ಧೈರ್ಯವನ್ನೂ ಪೂರ್ತಿ ನಂಬಲಾಗದು. ಗೊತ್ತಿರುವವರ ಮೇಲೆ ದೂರು ಹೇಳಲು ಮಗು ಇನ್ನೂ ಹೆಚ್ಚು ಅಂಜುತ್ತದೆ. ಆದ್ದರಿಂದ ಪ್ರತಿ ಮಾರ್ಗದರ್ಶಕರ ಗುರುತನ್ನೂ ಹಿನ್ನೆಲೆಯನ್ನೂ ಪರಿಶೀಲಿಸಬೇಕು. ಊರಿನ ಇಬ್ಬರು ಜವಾಬ್ದಾರಿಯುತರು ಅವರ ಬಗ್ಗೆ ಭರವಸೆ ಕೊಡಬೇಕು. ತರಗತಿಯು ತೆರೆದ ಬಾಗಿಲಿನ ಕೊಠಡಿಯಲ್ಲಿ, ಕನಿಷ್ಠ ಇಬ್ಬರು ವಯಸ್ಕರ ಸಮ್ಮುಖದಲ್ಲಿ ನಡೆಯಬೇಕು. 2012ರ ಪೋಕ್ಸೋ ಕಾಯ್ದೆ ಏನು ಹೇಳುತ್ತದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಹೇಗೆ ಎಂಬುದು ಮಾರ್ಗದರ್ಶಕರಿಗೂ ಮಕ್ಕಳಿಗೂ ಮೊದಲ ದಿನವೇ ತಿಳಿದಿರಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ಪೋಷಕರು ಈ ಹೊಣೆಯನ್ನು ಹೊರಲು ತಕ್ಕವರು.

ಮಹಿಳಾ ಮಾರ್ಗದರ್ಶಕರು ಅರ್ಧದಷ್ಟಾದರೂ ಇರಬೇಕೆಂಬುದು ಅಲಂಕಾರದ ಮಾತಲ್ಲ. ಕಲಿಸುವವರಲ್ಲಿ ಒಬ್ಬ ಹೆಂಗಸಾದರೂ ಇಲ್ಲದ ಕೂಟಕ್ಕೆ ಗೊಲ್ಲರಹಟ್ಟಿಯ ಅಥವಾ ತಾಂಡಾದ ತಾಯಿತಂದೆಯರು ಸಂಜೆಯ ಹೊತ್ತು ಮಗಳನ್ನು ಕಳಿಸಲಾರರು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿದ್ದರಿಂದ ತಾಲ್ಲೂಕು ಕೇಂದ್ರದ ಕಾಲೇಜು ವಿದ್ಯಾರ್ಥಿನಿ ಹಳ್ಳಿಯ ಶಾಲೆಗೆ ಹೋಗಿಬರುವ ದಾರಿ ಸುಗಮವಾಗಿದೆ. ಬಸ್ಸೇ ಹೋಗದ ಊರುಗಳ ಪ್ರಶ್ನೆ ಮಾತ್ರ ಉಳಿದಿದೆ. ಕೂಟದ ವೇಳೆಯನ್ನು ಕೊನೆಯ ಬಸ್ಸಿನ ವೇಳೆಗೆ ಹೊಂದಿಸದ ಯಾವ ಯೋಜನೆಯೂ ಈ ಸೀಮೆಯಲ್ಲಿ ಒಂದು ತಿಂಗಳು ಬಾಳದು.

ತರಬೇತಿಯಲ್ಲಿ ಏನಿರಬೇಕು?

ಮಾರ್ಗದರ್ಶಕರ ತರಬೇತಿಯೆಂದರೆ ಯಂತ್ರದ ಗುಂಡಿಗಳ ಪರಿಚಯ ಎಂಬ ತಪ್ಪುಕಲ್ಪನೆ ವ್ಯಾಪಕವಾಗಿದೆ. ಗುಂಡಿಗಳನ್ನು ಮಕ್ಕಳೇ ಬೇಗ ಕಲಿಯುತ್ತಾರೆ. ಮಾರ್ಗದರ್ಶಕರು ಮೊದಲು ಕಲಿಯಬೇಕಾದದ್ದು ಕೈಯನ್ನು ಹಿಂದೆ ಕಟ್ಟಿಕೊಳ್ಳುವುದನ್ನು. ಮಗು ತಡವರಿಸಿದ ಕೂಡಲೇ ಕೀಲಿಮಣೆಯನ್ನು ಕಸಿದುಕೊಂಡು ತಾನೇ ಮಾಡಿ ತೋರಿಸುವವರು ತಮ್ಮ ಜಾಣತನವನ್ನು ಪ್ರದರ್ಶಿಸುತ್ತಾರೆಯೇ ಹೊರತು ಕಲಿಸುವುದಿಲ್ಲ. ಉತ್ತರ ಹೇಳುವ ಬದಲು ಮರುಪ್ರಶ್ನೆ ಕೇಳುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ ಮಕ್ಕಳೊಡನೆ ಹುಡುಕುವುದು, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತವರನ್ನು ಗಮನಿಸುವುದು ಅಭ್ಯಾಸದಿಂದ ಮಾತ್ರ ಬರುವಂಥವು.

ಎರಡನೆಯದು ಭಾಷೆ. ಮೂರು ದಿಕ್ಕಿಗೂ ಆಂಧ್ರದ ಗಡಿಯಿರುವ ಪಾವಗಡದಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಶಿರಾದ ಹಲವು ಕೇರಿಗಳಲ್ಲಿ ಉರ್ದು. ಶಾಲೆಯ ಭಾಷೆ ಕನ್ನಡ, ಯಂತ್ರದ ಭಾಷೆ ಇಂಗ್ಲಿಷ್. ಇಷ್ಟು ಮೆಟ್ಟಿಲುಗಳನ್ನು ಹತ್ತಿ ಬರುವ ಮಗುವಿಗೆ ಮಾರ್ಗದರ್ಶಕರು ಕೈಕೊಡದಿದ್ದರೆ ಇನ್ನಾರು ಕೊಡುವರು? ಕನ್ನಡವನ್ನು ಯೂನಿಕೋಡಿನಲ್ಲಿ ಟೈಪು ಮಾಡುವುದು ಎಲ್ಲ ತರಬೇತಿಯ ಮೊದಲ ಪಾಠವಾಗಲಿ. ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿ ಪರದೆಯ ಮೇಲೆ ಕಂಡ ಮಗುವಿಗೆ ಯಂತ್ರವು ಪರಕೀಯವಾಗಿ ಉಳಿಯುವುದಿಲ್ಲ.

ಮೂರನೆಯದು ರಿಪೇರಿ. ಕೆಟ್ಟದ್ದನ್ನು ಬಿಸಾಡಿ ಹೊಸದನ್ನು ಕೇಳುವ ಚಟವನ್ನು ಕಲಿಸುವ ತಂತ್ರಜ್ಞಾನ ಶಿಕ್ಷಣವು ಪರಿಸರಕ್ಕೆ ಮಾರಕ. ಇ-ತ್ಯಾಜ್ಯದ ನಿರ್ವಹಣೆಗೆ ದೇಶದಲ್ಲಿ 2011ರಿಂದ ಪ್ರತ್ಯೇಕ ನಿಯಮಗಳಿದ್ದರೂ ಹಳ್ಳಿಯ ತಿಪ್ಪೆಗಳಲ್ಲಿ ಬ್ಯಾಟರಿ, ಸಿಎಫ್‌ಎಲ್ ಬಲ್ಬು, ಚಾರ್ಜರುಗಳು ಕಾಣುತ್ತಲೇ ಇವೆ. ಬಿಚ್ಚಿ ನೋಡುವ, ಸರಿಪಡಿಸುವ, ಸರಿಯಾಗದ್ದನ್ನು ಬೇರ್ಪಡಿಸಿ ತಕ್ಕವರಿಗೆ ಒಪ್ಪಿಸುವ ಕ್ರಮವನ್ನು ಮಾರ್ಗದರ್ಶಕರು ಕಲಿತು ಬರಬೇಕು.

ಇದಕ್ಕೆಲ್ಲ ದೀರ್ಘ ಕಾಲ ಬೇಕಿಲ್ಲ. ಎರಡು ದಿನಗಳ ಶಿಬಿರ, ಅನುಭವಿಗಳ ಜೊತೆಯಲ್ಲಿ ನಾಲ್ಕು ವಾರಗಳ ಅಭ್ಯಾಸ, ಆಮೇಲೆ ತಿಂಗಳಿಗೊಂದು ಸಭೆ ಸಾಕು. ಆ ಮಾಸಿಕ ಸಭೆಯೇ ಎಲ್ಲಕ್ಕಿಂತ ಮುಖ್ಯ. ಒಂಟಿಯಾದ ಸ್ವಯಂಸೇವಕರು ಮೂರನೆಯ ತಿಂಗಳಿಗೆ ದಣಿಯುತ್ತಾರೆ. ತಮ್ಮಂಥವರ ಜೊತೆ ಕುಳಿತು ಸೋಲುಗಳನ್ನು ಹೇಳಿಕೊಂಡವರು ಮುಂದುವರಿಯುತ್ತಾರೆ. ಮಧುಗಿರಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಇದಕ್ಕೆ ನೆಲೆಯಾಗಬಲ್ಲುದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಶಾಲೆ ಬಿಟ್ಟ ಯುವಕರಿಗೂ ತೆರೆದಿರುವ ತಾಣಗಳು. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಾರ್ಗದರ್ಶಿ ಶಿಕ್ಷಕರಿಗೆ ಕಾರ್ಯಾಗಾರಗಳನ್ನು ನಡೆಸಿದ ಅನುಭವವೂ ಕಣ್ಣಮುಂದಿದೆ.

ಊರಿನ ಪ್ರಶ್ನೆಗಳೇ ಪಠ್ಯ

ಮಕ್ಕಳು ಈ ಕೂಟಗಳಲ್ಲಿ ಏನು ಮಾಡಬೇಕು? ಎಲ್ಲಿಂದಲೋ ಬಂದ ಪೆಟ್ಟಿಗೆಯ ಬಿಡಿಭಾಗಗಳನ್ನು ಜೋಡಿಸಿ ಗೊಂಬೆ ಕುಣಿಸುವುದರಲ್ಲಿ ಸಂತೋಷವಿದೆ. ಆದರೆ ಅಲ್ಲಿಗೇ ನಿಂತರೆ ವಿದ್ಯೆಯು ಆಟಿಕೆಯಾಗಿ ಉಳಿಯುತ್ತದೆ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯೊಂದು ಮಳೆಮಾಪಕವಾಗಬಲ್ಲುದು. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು ಎಂಬ ಲೆಕ್ಕವನ್ನು ತಾನೇ ಕಂಡುಕೊಂಡ ಮಗುವಿಗೆ ಮಳೆನೀರು ಕೊಯ್ಲಿನ ಬಗ್ಗೆ ಭಾಷಣ ಬೇಕಾಗಿಲ್ಲ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹಿಂದಿನಿಂದಲೂ ಕಾಡುತ್ತಿರುವ ಪಿಡುಗು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಆಕರವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಪರೀಕ್ಷಾ ಕಿಟ್ ಹಿಡಿದು ತಮ್ಮ ಊರಿನ ಪ್ರತಿ ಕೊಳವೆಬಾವಿಯ ನೀರನ್ನೂ ಅಳೆದು, ಮೊಬೈಲಿನ ನಕ್ಷೆಯಲ್ಲಿ ಗುರುತಿಸಿ, ಗ್ರಾಮಸಭೆಯ ಮುಂದಿಡುವ ಮಕ್ಕಳು ಕಂಪ್ಯೂಟರನ್ನೂ ಕಲಿಯುತ್ತಾರೆ, ಪೌರತ್ವವನ್ನೂ ಕಲಿಯುತ್ತಾರೆ.

ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ಆ ಊರಿನವರು ತಮ್ಮ ಮನೆಯ ಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಕೊಕ್ಕರೆಗಳು ಯಾವ ವಾರ ಬಂದವು, ಎಷ್ಟು ಗೂಡುಗಳಾದವು, ಬೇಸಿಗೆಯಲ್ಲಿ ಬೆಟ್ಟದ ಯಾವ ಮಗ್ಗುಲಿಗೆ ಬೆಂಕಿ ಬಿತ್ತು ಎಂಬ ದಾಖಲೆಯನ್ನು ವರ್ಷವರ್ಷವೂ ಬರೆದಿಡುವವರು ಊರಿನ ಮಕ್ಕಳಲ್ಲದೆ ಬೇರಾರು? 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಪ್ರತಿ ಪಂಚಾಯಿತಿಯ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿಯು ಕಪಾಟಿನ ಕಾಗದವಾಗದೆ ಜೀವಂತವಾಗಿ ಉಳಿಯಲು ತಂತ್ರಜ್ಞಾನ ಬಲ್ಲ ಯುವಕರು ಬೇಕು.

ಎರಡು ಆಕ್ಷೇಪಗಳು

ಪರಿಸರ ಚಳವಳಿಯಲ್ಲಿ ತೊಡಗಿದವರಲ್ಲಿಯೇ ಕೆಲವರು ಯಂತ್ರವಿದ್ಯೆಯನ್ನು ಸಂಶಯದಿಂದ ನೋಡುತ್ತಾರೆ. ಬೆಟ್ಟಗಳನ್ನು ಬಗೆದದ್ದು ಯಂತ್ರ, ಅಂತರ್ಜಲವನ್ನು ಬರಿದುಮಾಡಿದ್ದೂ ಯಂತ್ರ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಯಂತ್ರಗಳ ಲೆಕ್ಕ ಕೇಳಬೇಕಾದವರಿಗೆ ಲೆಕ್ಕವೇ ಬಾರದಿದ್ದರೆ ನಷ್ಟ ಯಾರಿಗೆ? ಬೇಲಿಯ ಹೊರಗೆ ನಿಂತು ಅರ್ಜಿ ಬರೆಯುವವರಿಗೆ ಬೇಲಿಯ ಒಳಗಿನ ವಿದ್ಯೆ ತಿಳಿದಿದ್ದರೆ ಅರ್ಜಿಯ ತೂಕ ಹೆಚ್ಚುತ್ತದೆ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದದ್ದು. ಸ್ವಯಂಸೇವಕರು ಬಂದರೆ ಸರ್ಕಾರವು ಶಿಕ್ಷಕರ ನೇಮಕದಿಂದ ನುಣುಚಿಕೊಳ್ಳುವುದಿಲ್ಲವೇ? ಈ ಭಯ ನಿರಾಧಾರವಲ್ಲ. ಸ್ವಯಂಸೇವಕರು ಶಿಕ್ಷಕರಿಗೆ ಪೂರಕರೇ ಹೊರತು ಪರ್ಯಾಯವಲ್ಲ ಎಂಬುದನ್ನು ಮೊದಲ ದಿನವೇ ಲಿಖಿತವಾಗಿ ಒಪ್ಪಿಕೊಳ್ಳಬೇಕು. ಖಾಲಿ ಹುದ್ದೆಯ ಜಾಗದಲ್ಲಿ ಅವರನ್ನು ನಿಲ್ಲಿಸಲು ಮುಖ್ಯಶಿಕ್ಷಕರೂ ಒಪ್ಪಬಾರದು, ಪೋಷಕರೂ ಒಪ್ಪಬಾರದು. ಸಂಬಳವಿಲ್ಲದ ಸೇವೆಯೆಂದರೆ ಕೈಯಿಂದ ಹಣ ಕಳೆದುಕೊಳ್ಳುವ ಸೇವೆಯೆಂದೂ ಅರ್ಥವಲ್ಲ. ಬಸ್ಸಿನ ಖರ್ಚು, ಒಂದು ಊಟ, ಅಗತ್ಯವಾದ ಉಪಕರಣಗಳ ವೆಚ್ಚ ಪಂಚಾಯಿತಿಯಿಂದಲೋ ಶಾಲೆಯ ಅನುದಾನದಿಂದಲೋ ದೊರೆಯಬೇಕು. ಇಲ್ಲವಾದರೆ ಉಳ್ಳವರ ಮನೆಯ ಮಕ್ಕಳು ಮಾತ್ರ ಮಾರ್ಗದರ್ಶಕರಾಗಿ ಉಳಿಯುತ್ತಾರೆ. ಕೂಲಿಕಾರರ ಮನೆಯಿಂದ ಬಂದ ಬುದ್ಧಿವಂತೆ ಎರಡನೆಯ ವಾರಕ್ಕೇ ನಿಲ್ಲುತ್ತಾಳೆ.

ನಾಲ್ಕು ತಾಲ್ಲೂಕುಗಳಲ್ಲಿ ತಾಲ್ಲೂಕಿಗೊಂದು ಊರು, ಊರಿಗೆ ಐವರು ಮಾರ್ಗದರ್ಶಕರು, ಅವರ ಬಳಿ ಇಪ್ಪತ್ತೈದು ಮಕ್ಕಳು. ಆರಂಭಕ್ಕೆ ಇಷ್ಟು ಸಾಕು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದುನಿಂತು, ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿಯಿದೆ, ವಾರಕ್ಕೆ ಎಷ್ಟು ಗಂಟೆ ಅದು ತೆರೆದಿರುತ್ತದೆ, ಮಕ್ಕಳ ಪಕ್ಕದಲ್ಲಿ ಕೂರಲು ಈ ಊರಿನಿಂದ ಯಾರು ಸಿದ್ಧರಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಮೂರನೆಯ ಪ್ರಶ್ನೆಗೆ ಐದು ಕೈಗಳು ಮೇಲೆದ್ದರೆ ಆ ಊರಿನಲ್ಲಿ ಕೆಲಸ ಆರಂಭವಾದಂತೆಯೇ ಸರಿ.